ಒಳಗೆ ಬಂದವನು ಎಲ್ಲೆಲ್ಲಿ ಓಡಾಡಬಲ್ಲ?

ಚಿ. ಸುಹಾಸನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಸಂಸ್ಥೆಯ ನೆಟ್‌ವರ್ಕ್ ನಿನ್ನ ಸುಪರ್ದಿಗೆ ಬಂದಿದೆ ಎಂದು ಓದಿ ಸಂತೋಷವಾಯಿತು. ನೆಟ್‌ವರ್ಕಿನ ಬಾಗಿಲು ಕಾಯಲು ಯಾವ ಫೈರ್‌ವಾಲ್ ಕೊಂಡರೆ ಒಳ್ಳೆಯದು ಎಂದು ಕೇಳಿದ್ದೀಯಲ್ಲ, ಅದಕ್ಕೆ ಆತುರವಿಲ್ಲ. ಮೊದಲು ಇನ್ನೊಂದನ್ನು ಕೇಳಿಕೋ: ಲೆಕ್ಕಪತ್ರ ವಿಭಾಗದ ಯಾರೋ ಒಬ್ಬರು ಮೋಸದ ಮೇಲ್ ತೆರೆದರು ಅಂದುಕೊ, ಆ ಒಂದು ಕಂಪ್ಯೂಟರ್ ಹಿಡಿದುಕೊಂಡವನು ಒಳಗೆ ಎಲ್ಲೆಲ್ಲಿ ಓಡಾಡಬಲ್ಲ? ಎಷ್ಟೇ ತರಬೇತಿ ಕೊಡು, ಒಂದಲ್ಲ ಒಂದು ದಿನ ಯಾರಾದರೂ ತೆರೆದೇ ತೆರೆಯುತ್ತಾರೆ. ಬೈಯಬೇಡ. ಬೈದರೆ ಮುಂದಿನ ಸಲ ನಿನಗೆ ಹೇಳದೆ ಮುಚ್ಚಿಡುತ್ತಾರೆ, ನೀನು ಎರಡು ದಿನ ಕಳೆದುಕೊಳ್ಳುತ್ತೀಯ.

2017ರ ಜೂನ್ 27ರಂದು ಹಬ್ಬಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶದ ಸಂಗತಿಯನ್ನು ಹೀಗೆ ನೋಡು. ಅದು ಬಂದದ್ದು ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ತಂತ್ರಾಂಶವೊಂದರ ಅಪ್‌ಡೇಟ್ ಜೊತೆಗೆ. ನಂಬಿದ ಕಡೆಯಿಂದಲೇ ಬಂದದ್ದನ್ನು ಯಾವ ಫೈರ್‌ವಾಲ್ ತಡೆದೀತು? ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲಿ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್ ಕೊಟ್ಟಿತ್ತು. ಆದರೂ ಪ್ಯಾಚ್ ಹಾಕಿಕೊಂಡಿದ್ದ ಕಂಪ್ಯೂಟರ್‌ಗಳೂ ಮಲಗಿದವು. ಪ್ಯಾಚ್ ಇಲ್ಲದ ಒಂದು ಯಂತ್ರಕ್ಕೆ ನುಗ್ಗಿ, ಅದರ ಮೆಮೊರಿಯಲ್ಲಿ ಉಳಿದಿದ್ದ ಅಡ್ಮಿನ್ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ) ಗುರುತನ್ನು ಹೆಕ್ಕಿ, ಅದೇ ಗುರುತಿನಿಂದ ಸಾಚಾ ಬಳಕೆದಾರನ ಹಾಗೆ ಪಕ್ಕದ ಯಂತ್ರಗಳಿಗೆ ಲಾಗಿನ್ ಆಯಿತು. ಹಡಗು ಸಾಗಣೆಯ ಮೇರ್ಸ್ಕ್ ಕಂಪನಿ ಸುಮಾರು 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಮತ್ತೆ ಮೊದಲಿಂದ ಕಟ್ಟಬೇಕಾಯಿತು.

ಹಾಗಾಗಿ ಮೊದಲ ವಾರ ಅಡ್ಮಿನ್ ಖಾತೆಗಳಿಗೆ ಕೈ ಹಾಕು. ನಿನಗೇ ಎರಡು ಖಾತೆ ಇರಲಿ. ಮೇಲ್ ಓದುವುದು, ವೆಬ್ ನೋಡುವುದು ಸಾಮಾನ್ಯ ಖಾತೆಯಲ್ಲಿ. ಸಂಸ್ಥೆಯ ಎಲ್ಲ ಯಂತ್ರಗಳ ಮೇಲೂ ಅಧಿಕಾರವಿರುವ ಡೊಮೇನ್ ಅಡ್ಮಿನ್ ಖಾತೆಯನ್ನು, ಎಲ್ಲರ ಲಾಗಿನ್ ಪರಿಶೀಲಿಸುವ ಡೊಮೇನ್ ಕಂಟ್ರೋಲರ್ ಸರ್ವರ್ ಬಿಟ್ಟು ಬೇರೆಲ್ಲೂ ತೆರೆಯಬೇಡ. ಯಾರದೋ ಪ್ರಿಂಟರ್ ಸರಿಮಾಡಲು ಅವರ ಮೇಜಿನ ಕಂಪ್ಯೂಟರಿನಲ್ಲಿ ಡೊಮೇನ್ ಅಡ್ಮಿನ್ ಆಗಿ ಲಾಗಿನ್ ಆದೆ ಎಂದರೆ, ಇಡೀ ಸಂಸ್ಥೆಯ ಬೀಗದ ಕೈಯನ್ನು ಆ ಮೇಜಿನ ಮೇಲೆ ಮರೆತು ಬಂದ ಹಾಗೆ. ಇನ್ನು ಪ್ರತಿ ಕಂಪ್ಯೂಟರಿನೊಳಗಿರುವ ಲೋಕಲ್ ಅಡ್ಮಿನ್. ಒಂದೇ ಇಮೇಜಿನಿಂದ (ಸಿದ್ಧ ಅಚ್ಚಿನಿಂದ) ಎಲ್ಲವನ್ನೂ ಇನ್‌ಸ್ಟಾಲ್ ಮಾಡಿದ್ದರೆ ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇರುತ್ತದೆ. ವಿಂಡೋಸ್‌ನ ಲ್ಯಾಪ್ಸ್ ಸೌಲಭ್ಯ ಹಚ್ಚು. ಒಂದೊಂದು ಯಂತ್ರಕ್ಕೂ ಬೇರೆ ಪಾಸ್‌ವರ್ಡ್ ಇಟ್ಟು, ಬೇರೇನೂ ಹೇಳದಿದ್ದರೆ 30 ದಿನಕ್ಕೊಮ್ಮೆ ತಾನೇ ಬದಲಿಸುತ್ತದೆ.

ಆಮೇಲೆ ಒಳಗೋಡೆಗಳು. ಸಿಬ್ಬಂದಿ ಕಂಪ್ಯೂಟರ್, ಸರ್ವರ್, ಪ್ರಿಂಟರ್ ಮತ್ತು ಕ್ಯಾಮೆರಾ, ಅತಿಥಿಗಳ ವೈಫೈ, ಸ್ವಿಚ್ ಹಾಗೂ ಫೈರ್‌ವಾಲ್‌ಗಳ ನಿರ್ವಹಣೆ ಎಂದು ಐದು ವಿಲ್ಯಾನ್ (ಒಂದೇ ನೆಟ್‌ವರ್ಕನ್ನು ಒಡೆದು ಮಾಡಿದ ಬೇರೆ ಬೇರೆ ಭಾಗಗಳು) ಸಾಕು. ಇಲ್ಲಿ ಬಹಳ ಜನ ಎಡವುತ್ತಾರೆ ನೋಡು: ವಿಲ್ಯಾನ್ ಮಾಡಿದ ಮಾತ್ರಕ್ಕೆ ಗೋಡೆ ಎದ್ದಿತು ಅಂದುಕೊಳ್ಳುತ್ತಾರೆ. ಅವುಗಳ ನಡುವೆ ಲೇಯರ್ 3 ಸ್ವಿಚ್ ರೂಟಿಂಗ್ ಮಾಡುತ್ತಿದ್ದು, ಅಂದರೆ ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುತ್ತಿದ್ದು, ಅದರಲ್ಲಿ ತಡೆಯುವ ನಿಯಮ ಬರೆಯದಿದ್ದರೆ ಎಲ್ಲವೂ ಎಲ್ಲ ಕಡೆಗೂ ಹರಿಯುತ್ತದೆ. ಬದಲಾದದ್ದು ಐಪಿ ವಿಳಾಸ ಮಾತ್ರ. ಎಲ್ಲವನ್ನೂ ತಡೆದು, ಬೇಕಾದ್ದನ್ನಷ್ಟೇ ಬಿಡುವ ಕ್ರಮದಲ್ಲಿ ಬರೆ. ಆಮೇಲೆ ಅತಿಥಿ ವೈಫೈಗೆ ಲ್ಯಾಪ್‌ಟಾಪ್ ಸೇರಿಸಿ ಫೈಲ್ ಸರ್ವರಿನ ವಿಳಾಸ ತೆರೆಯಲು ನೋಡು. ತೆರೆಯಿತೋ, ನಿಯಮ ತಪ್ಪಾಗಿದೆ.

ಒಂದೇ ವಿಲ್ಯಾನಿನೊಳಗೆ ಅಕ್ಕಪಕ್ಕದ ಕಂಪ್ಯೂಟರ್‌ಗಳ ಮಾತುಕತೆಯನ್ನು ಸ್ವಿಚ್ಚಿನ ಈ ನಿಯಮ ತಡೆಯುವುದಿಲ್ಲ. ಅದಕ್ಕೆ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿಯಿಂದ ಪ್ರತಿ ಕಂಪ್ಯೂಟರಿನ ವಿಂಡೋಸ್ ಫೈರ್‌ವಾಲ್‌ನಲ್ಲಿ 445 (ಫೈಲ್ ಹಂಚಿಕೆ), 3389 (ದೂರದಿಂದ ಪರದೆ ತೆರೆದು ಕೆಲಸ ಮಾಡುವುದು), 5985 (ದೂರದಿಂದ ನಿರ್ವಹಣೆ) ಪೋರ್ಟ್‌ಗಳಿಗೆ ಒಳಬರುವುದನ್ನು ಮುಚ್ಚಿ, ನಿನ್ನ ನಿರ್ವಹಣಾ ವಿಲ್ಯಾನಿಗೆ ಮಾತ್ರ ತೆರೆದಿಡು. ದುಡ್ಡಿಲ್ಲದೆ ಆಗುವ ಕೆಲಸಗಳಲ್ಲಿ ಇದಕ್ಕಿಂತ ಲಾಭದ್ದು ನನಗೆ ಕಾಣುವುದಿಲ್ಲ. ಎಸ್‌ಎಂಬಿ 1 ಎಂಬ ಫೈಲ್ ಹಂಚಿಕೆಯ ಹಳೆಯ ವಿಧಾನ ಎಲ್ಲಾದರೂ ಉಳಿದಿದ್ದರೆ ತೆಗೆ. ಹಳೆಯ ಸ್ಕ್ಯಾನರ್ ಒಂದು ಗೊಣಗಬಹುದು, ಅದಕ್ಕೆ ಬೇರೆ ದಾರಿ ಹುಡುಕು. ಫೈರ್‌ವಾಲ್‌ನಲ್ಲಿ "ತಾತ್ಕಾಲಿಕ" ಎಂದು ಬರೆದ ನಿಯಮಗಳು ವರ್ಷಗಟ್ಟಲೆ ಬದುಕುತ್ತವೆ. ಯಾರು ಕೇಳಿದ್ದು, ಯಾವ ದಿನ ತೆಗೆಯಬೇಕು ಎಂಬುದನ್ನು ನಿಯಮದ ಟಿಪ್ಪಣಿಯಲ್ಲೇ ಬರೆದಿಡು.

ಹೊರಗಿನಿಂದ ಬರುವ ದಿಡ್ಡಿ ಬಾಗಿಲು ವಿಪಿಎನ್. 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಇಂಧನ ಸಾಗಣೆ ಕಂಪನಿಗೆ ನುಗ್ಗಿದವರು ಬಂದದ್ದು ಬಳಕೆಯಲ್ಲಿಲ್ಲದ ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೆಯ ಪರೀಕ್ಷೆಯೇ ಇರಲಿಲ್ಲ. ನೌಕರಿ ಬಿಟ್ಟವರ ಪಟ್ಟಿಯನ್ನು ಪ್ರತಿ ತಿಂಗಳು ಎಚ್‌ಆರ್‌ನಿಂದ ತರಿಸಿ ಖಾತೆಗಳ ಜೊತೆ ತಾಳೆ ನೋಡು. ಎರಡನೆಯ ಪರೀಕ್ಷೆಯಾಗಿ ಮೊಬೈಲಿಗೆ "ಒಪ್ಪುವಿರಾ" ಎಂದು ಬರುವ ಗುಂಡಿ ಸಾಲದು. ರಾತ್ರಿಯೆಲ್ಲ ಬರುತ್ತಿದ್ದರೆ ಬೇಸತ್ತು ಒತ್ತಿಬಿಡುತ್ತಾರೆ. ಪರದೆಯ ಮೇಲಿನ ಅಂಕಿಯನ್ನು ಮೊಬೈಲಿನಲ್ಲಿ ನಮೂದಿಸುವ ವಿಧಾನ ಆರಿಸು. 3389 ಪೋರ್ಟನ್ನು ಇಂಟರ್‌ನೆಟ್ಟಿಗೆ ನೇರವಾಗಿ ಎಂದೂ ತೆರೆಯಬೇಡ, ಪೋರ್ಟ್ ಸಂಖ್ಯೆ ಬದಲಿಸಿ ತೆರೆದರೂ ಹುಡುಕಿಕೊಂಡು ಬರುತ್ತಾರೆ.

ಪ್ಯಾಚ್ ವಿಷಯ ನಿನಗೆ ಗೊತ್ತು. ಇಂಟರ್‌ನೆಟ್ಟಿಗೆ ಮುಖ ಮಾಡಿರುವ ಫೈರ್‌ವಾಲ್, ವಿಪಿಎನ್, ಮೇಲ್ ಸರ್ವರ್ ಮೊದಲು, ಉಳಿದವು ಆಮೇಲೆ. ರೀಸ್ಟಾರ್ಟ್ ಬಾಕಿ ಇರುವ ಯಂತ್ರವನ್ನು ಪ್ಯಾಚ್ ಆದದ್ದರ ಲೆಕ್ಕಕ್ಕೆ ಸೇರಿಸಬೇಡ.

ಬ್ಯಾಕಪ್ ಬಗ್ಗೆ ಮತ್ತೆ ಮೇರ್ಸ್ಕ್ ಕಡೆಗೇ ಹೋಗಬೇಕು. ಅವರ ಡೊಮೇನ್ ಕಂಟ್ರೋಲರ್‌ಗಳು ಒಂದನ್ನೊಂದು ನಕಲು ಮಾಡಿಕೊಳ್ಳುತ್ತಿದ್ದವು, ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ. ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಘಾನಾದ ಕಚೇರಿಯಲ್ಲಿ ಕರೆಂಟ್ ಹೋಗಿ ಆ ಹೊತ್ತಿಗೆ ನೆಟ್‌ವರ್ಕ್‌ನಲ್ಲಿ ಇಲ್ಲದ ಒಂದೇ ಒಂದು ಉಳಿದುಕೊಂಡಿತು. ನೀನು ಕರೆಂಟ್ ಹೋಗಲಿ ಎಂದು ಕಾಯುವುದು ಬೇಡ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಕಟ್ಟಡದ ಹೊರಗೆ, ಅವುಗಳಲ್ಲಿ ಒಂದಾದರೂ ನೆಟ್‌ವರ್ಕಿನಿಂದ ಕಳಚಿಟ್ಟದ್ದಿರಲಿ. ಬ್ಯಾಕಪ್ ಸರ್ವರನ್ನು ಡೊಮೇನ್‌ಗೆ ಸೇರಿಸಬೇಡ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವವರು ಮೊದಲು ಹುಡುಕುವುದೇ ಅದನ್ನು, ಡೊಮೇನ್ ಅಡ್ಮಿನ್ ಖಾತೆ ಕೈಗೆ ಸಿಕ್ಕರೆ ಬ್ಯಾಕಪ್ಪನ್ನು ಅಳಿಸಿಯೇ ಮುಂದಕ್ಕೆ ಹೋಗುತ್ತಾರೆ. ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರದ ಮೇಲೆ ಒಂದು ಸರ್ವರನ್ನು ಪೂರ್ತಿ ಮರಳಿ ಎಬ್ಬಿಸಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡು. "ಬ್ಯಾಕಪ್ ಯಶಸ್ವಿ" ಎಂಬ ಹಸಿರು ಗುರುತನ್ನು ನಾನಂತೂ ನಂಬುವುದಿಲ್ಲ.

ಲಾಗ್‌ಗಳನ್ನು (ಯಂತ್ರದಲ್ಲಿ ನಡೆದದ್ದರ ದಾಖಲೆಗಳನ್ನು) ಬೇರೊಂದು ಯಂತ್ರಕ್ಕೆ ಕಳಿಸು, ಎಲ್ಲ ಯಂತ್ರಗಳ ಗಡಿಯಾರವನ್ನು ಎನ್‌ಟಿಪಿಯಿಂದ ಹೊಂದಿಸು. ಗಡಿಯಾರ ಹತ್ತು ನಿಮಿಷ ಆಚೀಚೆ ಇದ್ದರೂ ಯಾವುದು ಮೊದಲು ಆಯಿತೆಂದು ಹೊಳೆಯದೆ ತಲೆಕೆಡುತ್ತದೆ. ನೂರು ಎಚ್ಚರಿಕೆ ಹಚ್ಚಿದರೆ ಒಂದನ್ನೂ ಓದಲಾರೆ. ವಿಂಡೋಸ್ ಲಾಗಿನ ನಾಲ್ಕು ಘಟನೆ ಸಂಖ್ಯೆಗಳಿಂದ ಶುರುಮಾಡು: 4625 (ವಿಫಲ ಲಾಗಿನ್) ಸಾಲುಸಾಲಾಗಿ ಬಂದರೆ ಪಾಸ್‌ವರ್ಡ್ ಊಹಿಸುತ್ತಿದ್ದಾರೆ, 4720 ಹೊಸ ಖಾತೆ, 4732 ಲೋಕಲ್ ಗುಂಪಿಗೆ ಸದಸ್ಯರ ಸೇರ್ಪಡೆ, ಅಡ್ಮಿನ್ ಗುಂಪಾದರೆ ಕೂಡಲೇ ನೋಡು, 1102 ಲಾಗನ್ನೇ ಯಾರೋ ಅಳಿಸಿದ್ದು. ಕೊನೆಯದು ಬಂದ ದಿನ ಊಟ ಬಿಟ್ಟು ಎದ್ದು ಹೋಗು.

ಯಂತ್ರವೊಂದು ಕೈತಪ್ಪಿದೆ ಎನಿಸಿದರೆ ಪವರ್ ತೆಗೆಯಬೇಡ, ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆಫ್ ಮಾಡು. ಪವರ್ ತೆಗೆದರೆ ಮೆಮೊರಿಯಲ್ಲಿನ ಸುಳಿವೆಲ್ಲ ಹೋಯಿತು. ಕಣ್ಣೆದುರೇ ಕಡತಗಳು ಹಾಳಾಗುತ್ತಿದ್ದು ಬೇರೇನೂ ಕೈಗೂಡದಿದ್ದರೆ ಯಂತ್ರವನ್ನೇ ಆಫ್ ಮಾಡು, ಅಲ್ಲಿ ಸುಳಿವಿಗಿಂತ ದತ್ತಾಂಶ ದೊಡ್ಡದು. ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿ ಕಾಗದದ ಮೇಲಿರಲಿ. ಸರ್ವರಿನಲ್ಲಿಟ್ಟ ಪಟ್ಟಿ ಆ ದಿನ ತೆರೆಯುವುದಿಲ್ಲ.

ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ ಪಟ್ಟಿ ಮತ್ತು ಯಾವ ಪೋರ್ಟಿಗೆ ಯಾವ ಸಾಧನ ಸೇರಿದೆ ಎಂದು ತೋರಿಸುವ ಸ್ವಿಚ್‌ಗಳ ಮ್ಯಾಕ್ ಟೇಬಲ್ ತೆಗೆದು, ನಿನ್ನ ದಾಸ್ತಾನು ಪುಸ್ತಕದ ಜೊತೆ ತಾಳೆ ಹಾಕು. ಯಾರದೆಂದು ಯಾರಿಗೂ ಗೊತ್ತಿಲ್ಲದ ಎರಡು ಮೂರು ಸಾಧನಗಳು ಸಿಕ್ಕರೆ ಅಚ್ಚರಿಪಡಬೇಡ. ಅವನ್ನೂ ಸೇರಿಸಿ ನಕ್ಷೆ ಬರೆದು ಕಳಿಸು. ಐಪಿ ವಿಳಾಸ, ಪಾಸ್‌ವರ್ಡ್ ಯಾವುದೂ ಅದರಲ್ಲಿ ಬೇಡ. ಗೋಡೆಗಳು ಎಲ್ಲೆಲ್ಲಿ ಬರಬೇಕೆಂದು ಗುರುತು ಹಾಕಿ ವಾಪಸು ಕಳಿಸುತ್ತೇನೆ. ಫೈರ್‌ವಾಲ್ ಮಾತು ಆಮೇಲೆ ಆಡೋಣ.

ಅಣ್ಣ ಅತ್ತಿಗೆಗೆ ಕೇಳಿದೆನೆಂದು ಹೇಳು.

ಇತಿ,
ನಿನ್ನ ಅತ್ತೆ