ಗ್ಯಾಸ್ ಅಂತಲೇ 6 ವರ್ಷ ಕಳೆದುಹೋಯ್ತು

ಸಂಪಾದಕರೇ,

ಹೊಟ್ಟೆನೋವು, ಭೇದಿ ಅಂತ ಹೋದಾಗೆಲ್ಲ ಗ್ಯಾಸ್, ಟೆನ್ಷನ್ ಅಂದು ಮಾತ್ರೆ ಕೊಟ್ಟು ಕಳಿಸ್ತಿದ್ರು, ಹಂಗೇ 6 ವರ್ಷ ಹೋಯ್ತು, ತೂಕ ಇಳೀತಾನೇ ಇತ್ತು, ಒಬ್ರು ಕರುಳಿನ ಟಿಬಿ ಅಂದ್ರು, ಕೊನೆಗೆ ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ಕರುಳು ನೋಡೋದು), ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿದ್ಮೇಲೆ ಕ್ರೋನ್ಸ್ ಅಂತ, ಅಂದ್ರೆ ಕರುಳಲ್ಲಿ ಉರಿಯೂತ ಬಂದು ದೀರ್ಘಕಾಲ ಕಾಡೋ ಕಾಯಿಲೆ ಅಂತ ಗೊತ್ತಾಯ್ತು. ಅಷ್ಟರಲ್ಲಿ ಸಣ್ಣ ಕರುಳು ಒಂದ್ಕಡೆ ಕಿರಿದಾಗಿ ಆಪರೇಷನ್ನೇ ಆಗ್ಬೇಕಾಯ್ತು. ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ ಇದು, ಔಷಧಿಯಿಂದ ಹಿಡಿತದಲ್ಲಿ ಇಡಬಹುದು ಅಷ್ಟೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನೋ ಪ್ರೋಟೀನ್ ನೋಡೋ ಟೆಸ್ಟ್ ಒಂದಿದೆ, ಕರುಳಲ್ಲಿ ಉರಿಯೂತ ಇದ್ಯಾ ಅಂತ ಸುಳಿವು ಕೊಡುತ್ತೆ, ಅದನ್ನ ಯಾರೂ ಬರೆದುಕೊಡಲಿಲ್ಲ ಅನ್ನೋದೇ ನಂಗೆ ಸಿಟ್ಟು. ಈಗ ಎಲ್ಲಿಗೆ ಹೋದ್ರೂ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ನೋಡ್ಕೋತೀನಿ (ನಗಬೇಡಿ). ವಾರಗಟ್ಟಲೆ ಭೇದಿ, ರಾತ್ರಿ ಎಬ್ಬಿಸೋ ನೋವು, ಮಲದಲ್ಲಿ ರಕ್ತ ಇದ್ರೆ ನಾಚ್ಕೊಂಡು ಕೂರದೆ ಗ್ಯಾಸ್ಟ್ರೋ (ಹೊಟ್ಟೆ, ಕರುಳಿನ) ಡಾಕ್ಟರ್ ಹತ್ರ ಹೋಗಿ.

– ಒಬ್ಬ ಓದುಗ