9ನೇ ಕಾಲಂನಲ್ಲಿ ಅಮ್ಮನ ಹೆಸರು

ಕಳೆದ ವಾರ ನಮ್ಮ ಗದ್ದೆಯ ಹೊಸ ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ಬಂತು. 9ನೇ ಕಾಲಂನಲ್ಲಿ ಮೊದಲ ಹೆಸರು ಅಮ್ಮನದು. ಅದರ ಕೆಳಗೆ ತಮ್ಮ, ನಾನು, ಇಬ್ಬರು ಅತ್ತೆಯರು. ಅಪ್ಪ ತೀರಿಕೊಂಡು 3 ವರ್ಷ ಆಗುತ್ತಾ ಬಂತು. ಗದ್ದೆ ಇಷ್ಟು ದಿನ ಅಜ್ಜನ ಹೆಸರಲ್ಲೇ ಇತ್ತು. ಅಜ್ಜ ಹೋಗಿ 20 ವರ್ಷದ ಮೇಲಾಯಿತು. ಈ ಕೆಲಸ ಮುಗಿಯಲು ಕಾರಣರಾದ ಕೆಲವರಿಗೆ ಎದುರಿಗೇ ಹೇಳಿದ್ದೇವೆ. ಕೆಲವರು ಈಗ ಇಲ್ಲ. ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಊರಿನವರಿಗೆ ಗೊತ್ತಿರುವ ಮಾತೇ, ಪೇಟೆಯಲ್ಲಿ ಬೆಳೆದವರಿಗಾಗಿ ಹೇಳುತ್ತೇನೆ. ಪಹಣಿಯ 9ನೇ ಕಾಲಂನಲ್ಲಿ ಜಮೀನು ಯಾರದ್ದು ಎಂದು ಇರುತ್ತದೆ. 12ನೇ ಕಾಲಂನಲ್ಲಿ ಅದನ್ನು ಉಳುವವರು ಯಾರು, ಏನು ಬೆಳೆದಿದ್ದಾರೆ ಎಂದು ಇರುತ್ತದೆ. ನಮ್ಮ ಮನೆಯ ಕಥೆ ಅಂದರೆ 12ರಿಂದ 9ಕ್ಕೆ ಬಂದ ಕಥೆ, ಅಷ್ಟೇ.

ಅಜ್ಜ ಸಾಗರ ತಾಲ್ಲೂಕಿನಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಅವರ ಅಪ್ಪನೂ ಅದೇ ಗದ್ದೆ ಮಾಡಿದವರು. ಸುಗ್ಗಿ ಮುಗಿದು ಕಣದಲ್ಲಿ ಭತ್ತದ ರಾಶಿ ಬಿದ್ದರೆ ಮೊದಲು ಅಳೆಯುವುದು ಒಡೆಯರ ಪಾಲು. ಒಡೆಯರ ಮನೆಯಿಂದ ಒಬ್ಬರು ಕೊಳಗ ಹಿಡಿದು ಬರುತ್ತಿದ್ದರು. ಮೊದಲ ಕೊಳಗಕ್ಕೆ ಒಂದು ಅನ್ನದೆ ಲಾಭ ಅನ್ನುವುದು ನಮ್ಮಲ್ಲಿ ರೂಢಿ. "ಆ ಲಾಭವೂ ಅವರ ಚೀಲಕ್ಕೇ ಬೀಳ್ತಿತ್ತು" ಎಂದು ಅಜ್ಜ ಹೇಳಿ ನಗುತ್ತಿದ್ದರು. ಕೊಳಗ ಮಾತ್ರ ನಗುವ ವಿಷಯ ಆಗಿರಲಿಲ್ಲ. ಅಳೆಯುವ ಕೊಳಗ ದೊಡ್ಡದು ಎಂಬ ಜಗಳ ನಮ್ಮ ಸೀಮೆಯಲ್ಲಿ ಹಳೆಯದು. 1951ರಲ್ಲಿ ಕಾಗೋಡಿನ ಗೇಣಿದಾರರು ರೈತ ಮುಖಂಡ ಎಚ್. ಗಣಪತಿಯಪ್ಪನವರ ಜೊತೆ ಸತ್ಯಾಗ್ರಹಕ್ಕೆ ಇಳಿದಾಗ ಈ ಕೊಳಗದ ಮಾತೂ ಅದರಲ್ಲಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಇಲ್ಲೇ ಬಂಧನಕ್ಕೊಳಗಾದರು. ಅಜ್ಜ ಹೋಗಲಿಲ್ಲ. ಹೋದರೆ ಗದ್ದೆ ಬಿಡಿಸುತ್ತಾರೆ ಎಂಬ ಹೆದರಿಕೆ. ಹೋಗಲಿಲ್ಲ ಎನ್ನುವುದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. "ಅವರು ಜೈಲಿಗೆ ಹೋದದ್ದಕ್ಕೆ ನನಗೆ ಗದ್ದೆ ಬಂತು" ಎನ್ನುತ್ತಿದ್ದರು. ಹಾಗಾಗಿ ಮೊದಲ ವಂದನೆ ಕಾಗೋಡಿನವರಿಗೆ.

ದೇವರಾಜ ಅರಸರ ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರ 7ನೇ ನಂಬರಿನ ಫಾರಂ ತುಂಬಿ ಅರ್ಜಿ ಕೊಡಬೇಕು. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಊರಿನ ಶಾಲೆಯ ಮಾಸ್ತರು ರಾತ್ರಿ ಲಾಟೀನು ಇಟ್ಟುಕೊಂಡು ಫಾರಂ ತುಂಬಿಕೊಟ್ಟರಂತೆ. ನಮ್ಮದೊಂದೇ ಅಲ್ಲ, ಕೇರಿಯ ಎಲ್ಲರದ್ದೂ. ಒಂದು ಪೈಸೆ ಮುಟ್ಟಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದನ್ನು ಓದಿದರೆ, ನಿಮ್ಮ ಮನೆಯವರ ಅಕ್ಷರ ಇರುವ ಆ ಫಾರಂನ ನಕಲು ನಮ್ಮ ಟ್ರಂಕಿನಲ್ಲಿ ಇನ್ನೂ ಇದೆ. ಬಂದು ನೋಡಿ.

ಫಾರಂ ಕೊಟ್ಟರೆ ಆಯಿತೇ? ಹಳೆಯ ಪಹಣಿ ತೆಗೆಸಿ ನೋಡಿದರೆ ಕೆಲವು ವರ್ಷ 12ನೇ ಕಾಲಂನಲ್ಲಿ ಅಜ್ಜನ ಹೆಸರಿದೆ, ಕೆಲವು ವರ್ಷ 'ಸ್ವಂತ' ಎಂದಿದೆ. ಅಂದರೆ ಒಡೆಯರೇ ಉಳುತ್ತಿದ್ದಾರೆ ಎಂದು. ಗೇಣಿ ಕೊಟ್ಟದ್ದಕ್ಕೆ ರಶೀದಿ ಇಲ್ಲ. ರಶೀದಿ ಕೇಳುವ ಧೈರ್ಯ ಆಗ ಯಾರಿಗಿತ್ತು? ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಬರುವ ಹಾಗಿಲ್ಲ ಎಂಬ ನಿಯಮ ಬೇರೆ ಇತ್ತು. ಅಸಿಸ್ಟೆಂಟ್ ಕಮಿಷನರ್ ಮತ್ತು ಸದಸ್ಯರ ಎದುರು ಅಜ್ಜನೇ ನಿಂತು ಮಾತಾಡಬೇಕು.

ಚಕ್ಕುಬಂದಿ, ಅಂದರೆ ಗದ್ದೆಯ ನಾಲ್ಕೂ ದಿಕ್ಕಿನ ಗಡಿ, ಹೇಳು ಎಂದರಂತೆ. ಅಜ್ಜ ಪೂರ್ವ ಪಶ್ಚಿಮ ಎಂದು ಶುರು ಮಾಡಲಿಲ್ಲ. ನೀರಿನಿಂದ ಶುರು ಮಾಡಿದರು. ಹಳ್ಳದ ನೀರು ಯಾವ ಮೂಲೆಯಿಂದ ಒಳಗೆ ಬರುತ್ತದೆ, ಯಾವ ಗದ್ದೆಯಿಂದ ಯಾವ ಗದ್ದೆಗೆ ಇಳಿಯುತ್ತದೆ, ಜೋರು ಮಳೆಗೆ ಯಾವ ಅಂಚು ಕಿತ್ತುಹೋಗುತ್ತದೆ, ಅದಕ್ಕೆ ಎಷ್ಟು ಮಣ್ಣು ಬೇಕು. ಹೇಳುತ್ತಾ ಹೇಳುತ್ತಾ ಕೊನೆಯ ಗದ್ದೆಯ ಹುಣಸೆಮರದ ತನಕ ಬಂದರು. ಸಾಕು ಎಂದರೂ ನಿಲ್ಲಿಸಲಿಲ್ಲವಂತೆ.

ಸಾಕ್ಷಿ ಯಾರು ಎಂದಾಗ ಮುಂದೆ ಬಂದವರು ಅದೇ ಕೊಳಗ ಹಿಡಿದು ಬರುತ್ತಿದ್ದವರು. "ಈ ಗದ್ದೆಯ ಗೇಣಿ ಭತ್ತ ವರ್ಷಾ ವರ್ಷಾ ಅಳೆದವನು ನಾನೇ" ಎಂದರು. ಒಡೆಯರ ಮನೆಯ ಊಟ ತಿನ್ನುತ್ತಿದ್ದವರು ಅವರು. ಹಾಗೆ ಹೇಳಬೇಕಾದ ಅಗತ್ಯ ಅವರಿಗೆ ಇರಲಿಲ್ಲ, ಹೇಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಆಮೇಲೆ ಅವರಿಗೆ ಆ ಮನೆಯಲ್ಲಿ ಕೆಲಸ ಉಳಿಯಲಿಲ್ಲ. ಸಂಸಾರ ಕಟ್ಟಿಕೊಂಡು ಭದ್ರಾವತಿ ಕಡೆ ಹೋದರು ಎಂದು ಕೇಳಿದ್ದೇವೆ. ಅಜ್ಜ ಹುಡುಕಿಸಿದರು, ಸಿಗಲಿಲ್ಲ. ನಾನು ಇಷ್ಟುದ್ದ ಬರೆಯುತ್ತಿರುವುದಕ್ಕೆ ಅರ್ಧ ಕಾರಣ ಇವರೇ. ಅವರ ಮನೆಯವರು ಯಾರಾದರೂ ಓದಿದರೆ ದಯವಿಟ್ಟು ನಮಗೆ ತಿಳಿಸಿ. ನಮ್ಮ ಕಾಗದಗಳೆಲ್ಲ ನಿಂತಿರುವುದು ಆ ಒಂದು ಮಾತಿನ ಮೇಲೆ.

1981ರಲ್ಲಿ ಆದೇಶ ಬಂತು. 15 ವರ್ಷ ಮಾರುವಂತಿಲ್ಲ ಎಂಬ ಷರತ್ತು ಅದಕ್ಕಿತ್ತು. ನನ್ನ ಪ್ರಕಾರ ಇಡೀ ಕಾಯ್ದೆಯಲ್ಲಿ ಭಾರೀ ಒಳ್ಳೆಯದು ಈ ಷರತ್ತೇ. ದೊಡ್ಡತ್ತೆಯ ಮದುವೆಗೆ ಅಜ್ಜ ಸಾಲ ಮಾಡಿದರು. ಮಾರಲು ಬರುವಂತಿದ್ದರೆ ಆ ವರ್ಷವೇ ಗದ್ದೆ ಹೋಗುತ್ತಿತ್ತು.

ಇನ್ನು ಒಡೆಯರ ಮನೆಯವರು. ಅವರ ಮೇಲೆ ನಮಗೆ ಈಗ ಸಿಟ್ಟಿಲ್ಲ. ಆದೇಶದ ಮೇಲೆ ಅವರು ಕೋರ್ಟಿಗೆ ಹೋಗಲಿಲ್ಲ, ಹೋಗಬಹುದಿತ್ತು. ಈಗಿನ ತಲೆಮಾರಿನ ಅಕ್ಕ ಒಬ್ಬರು ಅಟ್ಟದಲ್ಲಿದ್ದ ಹಳೆಯ ಸರ್ವೆ ನಕ್ಷೆ ಹುಡುಕಿ ವಾಟ್ಸಾಪ್‌ನಲ್ಲಿ ಕಳಿಸಿದರು. ಅಕ್ಕಾ, ನಿಮಗೆ ಥ್ಯಾಂಕ್ಸ್.

ಅಮ್ಮ ಈ ಮನೆಗೆ ಬಂದದ್ದು ಆದೇಶ ಬಂದ ಕೆಲವು ವರ್ಷಕ್ಕೆ. ಅಂದಿನಿಂದ ಸಸಿ ಕಿತ್ತದ್ದು, ನಾಟಿ ಮಾಡಿದ್ದು, ಕಳೆ ತೆಗೆದದ್ದು, ಕೊಯ್ದದ್ದು ಎಲ್ಲ ಅಮ್ಮ. ಆದರೆ ಪಹಣಿಯಲ್ಲಿ ಅಮ್ಮ 9ರಲ್ಲೂ ಇರಲಿಲ್ಲ, 12ರಲ್ಲೂ ಇರಲಿಲ್ಲ. ನಮಗೂ ಅದು ಹೊಳೆದಿರಲಿಲ್ಲ ಅನ್ನಿ.

ಅಪ್ಪ ಹೋದದ್ದು ಪುನರ್ವಸು ಮಳೆಯಲ್ಲಿ. ಸಸಿಮಡಿ ಬೆಳೆದು ನಿಂತಿತ್ತು. ಸಸಿಗೆ ವಯಸ್ಸಾದರೆ ನೆಟ್ಟರೂ ತೆಂಡೆ ಒಡೆಯುವುದಿಲ್ಲ, ಅಂದರೆ ಬುಡದಿಂದ ಹೊಸ ಮರಿ ಬರುವುದಿಲ್ಲ. ಸೂತಕದ ಮನೆ, ನಾವು ಗದ್ದೆಗೆ ಇಳಿಯುವ ಹಾಗಿಲ್ಲ. ಒಂದು ದಿನ ಬೆಳಿಗ್ಗೆ ಗದ್ದೆ ಕಡೆ ಟಿಲ್ಲರ್ ಸದ್ದು ಕೇಳಿತು. ತಮ್ಮ ಹೋಗಿ ನೋಡಿದರೆ ಕೇರಿಯವರೆಲ್ಲ ಅಲ್ಲಿದ್ದಾರೆ. ಒಬ್ಬರು ಗೋರು ಹೊಡೆದು ಕೆಸರು ಸಮ ಮಾಡುತ್ತಿದ್ದಾರೆ. ಹೆಂಗಸರು ಕಂಬಳಿಕೊಪ್ಪೆ, ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಸಸಿ ಕೀಳುತ್ತಿದ್ದಾರೆ. ನಮ್ಮನ್ನು ಯಾರೂ ಕೇಳಿರಲಿಲ್ಲ. ತಿಂಡಿ ಊಟವನ್ನೂ ಅವರೇ ತಂದಿದ್ದರು. "ನೀ ಮನೆಗೆ ಹೋಗು, ಅಮ್ಮನ ಹತ್ತಿರ ಕೂತ್ಕೋ" ಎಂದು ತಮ್ಮನನ್ನು ವಾಪಸ್ ಕಳಿಸಿದರು. ಅವರದ್ದೇ ನಾಟಿ ಬಾಕಿ ಇತ್ತು, ಆಳು ಸಿಗದ ಕಾಲ. ಆ ವರ್ಷ ನಮ್ಮ ಕಣಜ ತುಂಬಿದ್ದು ನಿಮ್ಮಿಂದ.

ಕಾಗದದ ಕೆಲಸ ಆಮೇಲೆ ಶುರುವಾಯಿತು. ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲ 5 ಲಕ್ಷದವರೆಗೆ ಇದೆ. ಆದರೆ ಪಹಣಿಯಲ್ಲಿ ಇರುವವರು ಬದುಕಿರಬೇಕಲ್ಲ! ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಬೇಕು ಎಂದರು. ಅದಕ್ಕೆ ಅಜ್ಜನ ಮರಣ ಪತ್ರ ಬೇಕು. ಅಜ್ಜ ಸತ್ತಾಗ ಯಾರೂ ಬರೆಸಿಯೇ ಇರಲಿಲ್ಲ. ವರ್ಷ ದಾಟಿದ ಸಾವನ್ನು ಬರೆಸಲು ಮ್ಯಾಜಿಸ್ಟ್ರೇಟ್ ಆದೇಶ ತರಬೇಕು. ತಾರೀಕು ಯಾವುದು? ದೊಡ್ಡತ್ತೆ ಹೇಳಿದರು: "ಭೂಮಿ ಹುಣ್ಣಿಮೆ ಆಗಿ ನಾಲ್ಕನೇ ದಿನ, ನಿನ್ನ ತಮ್ಮ ಒಂದನೇ ಕ್ಲಾಸು." ಹಳೆಯ ಪಂಚಾಂಗ ಹುಡುಕಿ ತಾರೀಕು ಹಿಡಿದೆವು. ವಂಶವೃಕ್ಷಕ್ಕೆ ಹೆಸರು ಹೇಳಿದ್ದೂ ದೊಡ್ಡತ್ತೆಯೇ. ಚಿಕ್ಕಂದಿನಲ್ಲೇ ತೀರಿಹೋದ ಅಜ್ಜನ ತಮ್ಮನ ಹೆಸರೂ ಅವರಿಗೆ ನೆನಪಿತ್ತು. ಕೈಬರಹದ ಪಹಣಿ ಹೋಗಿ 'ಭೂಮಿ' ಕಂಪ್ಯೂಟರ್ ಪಹಣಿ ಬಂದಾಗ ಅಜ್ಜನ ಹೆಸರಿನ ಒಂದು ಅಕ್ಷರ ಬದಲಾಗಿತ್ತು, ಅದನ್ನು ಸರಿ ಮಾಡಿಸುವುದೇ ಒಂದು ದೊಡ್ಡ ರಗಳೆ. ಮಧ್ಯೆ ಒಬ್ಬರು ಸುಮ್ನೆ ದುಡ್ಡು ಕೇಳಿದರು. ಹೋಗಲಿ ಬಿಡಿ. ಇನ್ನೊಬ್ಬರು, ನಮ್ಮ ಗ್ರಾಮ ಲೆಕ್ಕಿಗರು, ತಾವೇ ಮನೆಗೆ ಬಂದು ಮಹಜರು ಮಾಡಿ ಚಹಾ ಕುಡಿದು ಹೋದರು. ಇಂಥವರೂ ಇದ್ದಾರೆ ಎಂದು ಬರೆಯಲೇಬೇಕು.

ಅತ್ತೆಯರಿಂದ ಹಕ್ಕು ಬಿಡುಗಡೆ ಬರೆಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ತೊಂದರೆ ಎಂದು ಹಿತೈಷಿಗಳು ಜಾಸ್ತಿ ಜನ ಹೇಳಿದರು. ತಮ್ಮ ಒಪ್ಪಲಿಲ್ಲ. ಅವರೂ ಈ ಗದ್ದೆಯಲ್ಲಿ ಸಸಿ ಕಿತ್ತು ಬೆಳೆದವರೇ ಅಲ್ವಾ? ಜಂಟಿ ಖಾತೆ ಆದರೆ ಸಾಲಕ್ಕೆ ಹೋದಾಗ ಎಲ್ಲರ ಸಹಿ ಬೇಕು, ಸಣ್ಣತ್ತೆ ಇರುವುದು ಹೊಸನಗರದ ಆಚೆ. ತಲೆನೋವು ಹೌದು. ಆದರೂ ಹಾಗೇ ಮಾಡಿದೆವು. ಅಮ್ಮನ ಹೆಸರು ಮೊದಲು ಬರಲಿ ಎಂದವರು ಅತ್ತೆಯರೇ. ದೊಡ್ಡತ್ತೆಗೂ ಸಣ್ಣತ್ತೆಗೂ ಕಾಲಿಗೆ ಬಿದ್ದು ನಮಸ್ಕಾರ.

ಅಮ್ಮನಿಗೆ ಪಹಣಿ ಓದಿ ಹೇಳಿದಾಗ, 12ರಲ್ಲಿ ಏನು ಬರೆದಿದ್ದಾರೆ, ಭತ್ತ ಎಂದು ಸರಿಯಾಗಿ ಬರೆದಿದ್ದಾರಾ ಎಂದು ಕೇಳಿದರು. ಬರೆದಿದ್ದಾರೆ.

ಕೊನೆಗೆ ಒಂದು ಕೆಲಸದ ಮಾತು. ಆ ವರ್ಷ ನಮ್ಮ ಗದ್ದೆಗೆ ಇಳಿದವರ ಮುಯ್ಯಾಳು, ಅಂದರೆ ಅವರ ಕೆಲಸಕ್ಕೆ ಬದಲು ಕೆಲಸ, ನಾವು ಇನ್ನೂ ಪೂರ್ತಿ ತೀರಿಸಿಲ್ಲ. ಅಮ್ಮನ ಹತ್ತಿರ ಪಟ್ಟಿ ಇದೆ, ಬಾಯಿಲೆಕ್ಕದ್ದು, ಒಂದೂ ತಪ್ಪುವುದಿಲ್ಲ. ಈ ಸಲ ನಿಮ್ಮ ನಾಟಿ ಯಾವಾಗ ಎಂದು ತಮ್ಮನಿಗೆ ಒಂದು ಫೋನ್ ಮಾಡಿ. ಒಂದೇ ದಿನ ಎರಡು ಮನೆಯ ನಾಟಿ ಬಿದ್ದರೆ ನಾನೂ ಶಿವಮೊಗ್ಗದಿಂದ ರಜೆ ಹಾಕಿ ಬರುತ್ತೇನೆ. ಸಸಿ ಕೀಳಲು ಬರುತ್ತದೆ, ಸಾಲು ಮಾತ್ರ ಸೊಟ್ಟ ಆಗುತ್ತದೆ. ಬೈಯಬೇಡಿ.