ಉತ್ತರ ಮೊದಲು ಬರಲಿ, ಪುರಾಣ ಆಮೇಲೆ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟದ ಪುಟ್ಟ ಚೌಕವನ್ನು ಸಿದ್ಧಪಡಿಸುವವರಿಗೆ ಮೊದಲು ನನ್ನದೊಂದು ನಮಸ್ಕಾರ ತಿಳಿಸಿ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನ ಎಷ್ಟಿತ್ತು. ಅಷ್ಟೇ. ಮಲೇಬೆನ್ನೂರಿನಲ್ಲಿ ಗೊಬ್ಬರ, ಬೀಜದ ಅಂಗಡಿ ಇಟ್ಟುಕೊಂಡಿರುವ ನನಗೆ ಅದು ಸಾಕು. "ಡ್ಯಾಂ ಎಷ್ಟ್ ಅಡಿ ಆಗೈತ್ರೀ?" ಎಂದು ಕೇಳದೆ ಯೂರಿಯಾ ಚೀಲ ಎತ್ತುವ ರೈತ ನಮ್ಮ ಕಡೆ ಅಪರೂಪ.

ಅದೇ ಪ್ರಶ್ನೆಯನ್ನು ಸಂಜೆ ಹೊತ್ತು ಯಾರಾದರೂ ಕೇಳಿದರೆ ಫೋನ್ ತೆಗೆಯಬೇಕು. ಆಗ ಶುರುವಾಗುತ್ತದೆ ನೋಡಿ. "ಭದ್ರಾ ಡ್ಯಾಂ ಇಂದಿನ ನೀರಿನ ಮಟ್ಟ ಎಷ್ಟು? ಇಲ್ಲಿದೆ ಮಾಹಿತಿ" ಎಂಬ ತಲೆಬರಹ ಒತ್ತಿದರೆ, ಭದ್ರೆ ಗಂಗಾಮೂಲದಲ್ಲಿ ಹುಟ್ಟುತ್ತಾಳೆ, ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ, ಅಣೆಕಟ್ಟು ಲಕ್ಕವಳ್ಳಿಯಲ್ಲಿದೆ ಎಂದು ಹರಿಕಥೆ. ನಡುವೆ ಸಾಲದ ಜಾಹೀರಾತು. ನಮ್ಮ ವಾಟ್ಸ್‌ಆ್ಯಪ್ ಗ್ರೂಪ್ ಸೇರಿ, ಇದನ್ನೂ ಓದಿ, ಕೊನೆಯವರೆಗೂ ಓದಿ. ಕೊನೆಯವರೆಗೂ ಹೋದರೆ ಒಂದು ಸಂಖ್ಯೆ ಸಿಗುತ್ತದೆ, ಅದು ಯಾವತ್ತಿನದು ಎಂದು ಮಾತ್ರ ಬರೆದಿರುವುದಿಲ್ಲ. ಹೋದ ವರ್ಷದ್ದೂ ಇರಬಹುದು. ಅಷ್ಟರಲ್ಲಿ ಗಿರಾಕಿ ಚೀಲ ಬೈಕಿಗೆ ಕಟ್ಟಿಕೊಂಡು ಹೋಗಿರುತ್ತಾನೆ.

ಹಾಗೆಂದು ಬರೀ ಚುಟುಕಾಗಿ ಹೇಳಿದರೆ ಸಾಲದು. ಭದ್ರಾ ಗರಿಷ್ಠ ಮಟ್ಟ 186 ಅಡಿ, ತುಂಗಭದ್ರಾ 1,633 ಅಡಿ. ಗೊತ್ತಿಲ್ಲದವರು ತುಂಗಭದ್ರಾ ಡ್ಯಾಂ ಗುಡ್ಡದಷ್ಟು ಎತ್ತರವಿದೆ ಎಂದುಕೊಳ್ಳಬೇಕು! ತುಂಗಭದ್ರೆಯದು ಸಮುದ್ರಮಟ್ಟದಿಂದ ಅಳೆದ ಲೆಕ್ಕ, ನಮ್ಮ ಭದ್ರೆಯದು ಹಾಗಲ್ಲ. ಹಿರಿಯೂರಿನ ನಮ್ಮ ಬೀಗರಿಗೆ ವಾಣಿವಿಲಾಸ ಸಾಗರದ 130 ಅಡಿಯೇ ಪ್ರಪಂಚ. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ಅವರ ಸಡಗರ ಹೇಳತೀರದು. ಹೀಗಿರುವಾಗ ಯಾವ ಡ್ಯಾಂ, ಯಾವ ದಿನ, ಗರಿಷ್ಠ ಎಷ್ಟು ಎಂಬುದಿಲ್ಲದೆ ಬರೀ "150 ಅಡಿ" ಎಂದರೆ ಅದನ್ನು ಕಟ್ಟಿಕೊಂಡು ಏನು ಮಾಡುವುದು? ಚೌಕದವರಿಗೆ ಇದು ಗೊತ್ತು. ಫೋನಿಗೆ ಬರೆಯುವವರಿಗೆ ಯಾಕೋ ಗೊತ್ತಿಲ್ಲ.

ಈಗ ಎಐ ಬಂದಿದೆ, ಕೇಳಿದ ತಕ್ಷಣ ಎರಡು ಸಾಲಿನಲ್ಲಿ ಹೇಳುತ್ತದೆ ಎಂದು ನನ್ನ ಮಗನ ವಾದ. ನಾನೂ ಬಳಸುತ್ತೇನೆ, ಎಕರೆಯನ್ನು ಹೆಕ್ಟೇರಿಗೆ ತಿರುಗಿಸುವಂಥ ಲೆಕ್ಕಕ್ಕೆ ಬಹಳ ಅನುಕೂಲ. ಆದರೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,225 ರೂಪಾಯಿ ಎಂದರೂ ಸರಿ, 2,400 ಎಂದರೂ ಸರಿ. ಮೊದಲನೆಯದು 2024–25ರದು, ಎರಡನೆಯದು 2025–26ರದು. ವರ್ಷ ಬಿಟ್ಟು ಹೇಳಿದ ಉತ್ತರ ಎಷ್ಟು ಚಿಕ್ಕದಾಗಿದ್ದರೂ ಜಗಳಕ್ಕೇ ದಾರಿ. ಅದೂ ಅಲ್ಲದೆ, ಬೆಂಬಲ ಬೆಲೆಯನ್ನೇ ದಾವಣಗೆರೆ ಎಪಿಎಂಸಿಯ ಅವತ್ತಿನ ಧಾರಣೆ ಎಂದು ನಂಬಿ ಲೋಡು ಕಳಿಸಿದವರ ಪಾಡು ನಮ್ಮ ಅಂಗಡಿ ಕಟ್ಟೆಯ ಮೇಲೆ ಕೇಳಬೇಕು. "ಇದು ಸರ್ಕಾರ ಘೋಷಿಸಿದ್ದು, ಮಾರುಕಟ್ಟೆ ದರ ಬೇರೆ" ಎಂಬ ಒಂದು ವಾಕ್ಯ ಜೊತೆಗಿದ್ದರೆ ಉತ್ತರವೇನೂ ಉದ್ದವಾಗುವುದಿಲ್ಲ.

(ರೋಗ, ಕೀಟದ ವಿಷಯಕ್ಕಂತೂ ನಾನು ಫೋನಿನಲ್ಲಿ ಓದುವುದನ್ನೇ ಬಿಟ್ಟಿದ್ದೇನೆ. 1800-180-1551, ಕಿಸಾನ್ ಕಾಲ್ ಸೆಂಟರ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಇಷ್ಟು ವರ್ಷದಿಂದ ಇದ್ದರೂ ನಮ್ಮವರು ಮರೆತೇಬಿಟ್ಟಿದ್ದಾರೆ.)

ಇಷ್ಟೆಲ್ಲ ನಿಮಗೇ ಬರೆಯಲು ಕಾರಣವಿದೆ. ಅಚ್ಚಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೊಡುವ ಪತ್ರಿಕೆಗಳೇ ತಮ್ಮ ವೆಬ್‌ಸೈಟಿಗೆ ಹೋದಾಗ ಆ ಚೌಕವನ್ನು ಬಿಟ್ಟು ಉದ್ದ ಲೇಖನಕ್ಕೆ ಇಳಿಯುತ್ತವೆ. ಓದುಗ ಎಷ್ಟು ಹೊತ್ತು ಅಲ್ಲೇ ಉಳಿದ ಎಂಬುದರ ಮೇಲೆ ಜಾಹೀರಾತಿನ ಆದಾಯ ನಿಂತಿದೆ ಎಂಬುದು ನನಗೂ ತಿಳಿಯುತ್ತದೆ, ನಾನೂ ವ್ಯಾಪಾರಸ್ಥನೇ. ಆದರೆ ಅರ್ಧ ಕೆಜಿ ಬೀಜ ಕೇಳಿದವನಿಗೆ ಇಡೀ ಗೋದಾಮು ತೋರಿಸಿ ಕಳಿಸಿದರೆ ಅವನು ಮರುದಿನ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಬೇಸಿಗೆ ಬೆಳೆಗೆ ನೀರು ಬಿಡುವ ಬಗ್ಗೆ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆ ನಡೆದ ದಿನ ನಮ್ಮ ಕಡೆ ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ. ಸಸಿ ಮಡಿ ಹಾಕುವುದೋ ಬೇಡವೋ ಎಂಬುದು ಅವತ್ತೇ ತೀರ್ಮಾನ. ಅವತ್ತು ನಿಮ್ಮ ವೆಬ್‌ಸೈಟಿನಲ್ಲಿ ಸುದ್ದಿಯ ತಲೆಯ ಮೇಲೆಯೇ ನಾಲೆಗೆ ನೀರು ಬಿಡುವ ತಾರೀಖು, ಒಟ್ಟು ಎಷ್ಟು ದಿನ, ಭದ್ರಾ ಬಲದಂಡೆ, ಎಡದಂಡೆಗೆ ಸರದಿ ಹೇಗೆ ಎಂಬುದನ್ನು ಹಾಕಿ. ಮಲೇಬೆನ್ನೂರು ಶಾಖಾ ನಾಲೆಯ ಕೊನೆ ಭಾಗಕ್ಕೆ ಏನಾದರೂ ಹೇಳಿದ್ದಾರೆಯೇ ಎಂಬುದೂ ಇರಲಿ, ಹೇಳಿಲ್ಲದಿದ್ದರೆ "ಹೇಳಿಲ್ಲ" ಎಂದೇ ಬರೆಯಿರಿ. ಸಭೆಯಲ್ಲಿ ಯಾರು ಯಾರ ಮೇಲೆ ಹರಿಹಾಯ್ದರು ಎಂಬುದನ್ನು ಕೆಳಗೆ ಎಷ್ಟುದ್ದ ಬೇಕಾದರೂ ಬರೆಯಿರಿ. ಅದನ್ನೂ ಓದುತ್ತೇವೆ, ಅಂಗಡಿ ಬಾಗಿಲು ಹಾಕಿದ ಮೇಲೆ.

– ಗೊಬ್ಬರ, ಬೀಜದ ವ್ಯಾಪಾರಿ
ಮಲೇಬೆನ್ನೂರು, ದಾವಣಗೆರೆ ಜಿಲ್ಲೆ